ಮೋಟರ್ ಸುಟ್ಟಿಲ್ಲ, ಫುಟ್‌ವಾಲ್ವ್ ಕಟ್ಟಿದೆ

“ಹಳೇದಾತಲ್ಲವಾ, ಬಿಟ್ಟಾಕು. ಹೊಸದು ತಗೋ.”

ಸಾವಳಗಿಯಲ್ಲಿರುವ ನನ್ನ ಕಾಕಾನ ಮಗಳಿಗೆ ಎರಡು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕ್ಯಾಬಿನಲ್ಲಿ ಕೂತು ಹೇಳಿದ್ದೇನೆ, ಎರಡು ಮೀಟಿಂಗಿನ ನಡುವಿನ ಐದು ನಿಮಿಷದಲ್ಲಿ ಹೇಳಿದ್ದೇನೆ, ಕಾಫಿ ಮಷಿನ್ನಿನ ಮುಂದೆ ನಿಂತು ಹೇಳಿದ್ದೇನೆ. ನೀವೂ ಹೇಳಿರುತ್ತೀರಿ. ಊರಿನಿಂದ ಫೋನ್ ಬರುತ್ತದೆ, ಕಂಪ್ಯೂಟರ್ ಭಾಳ ಸ್ಲೋ ಆಗೇತಿ ಅಂತಾರೆ. ಎಷ್ಟು ವರ್ಷದ್ದು ಅಂತ ನಾವು ಕೇಳುತ್ತೇವೆ. ಏಳೋ ಎಂಟೋ ಅಂದ ಕೂಡಲೇ ತೀರ್ಪು ಕೊಟ್ಟು ಫೋನ್ ಇಡುತ್ತೇವೆ. ನಾಡಿ ಹಿಡಿಯದೆ ಬರೀ ವಯಸ್ಸು ಕೇಳಿ ಇನ್ನು ಆಸೆ ಇಲ್ಲ ಅನ್ನುವ ಡಾಕ್ಟರನ್ನು ಎಲ್ಲಾದರೂ ನೋಡಿದ್ದೀರಾ? ಆ ಡಾಕ್ಟರು ನಾವೇ.

ಈ ಬರಹ ಆ ತೀರ್ಪಿನ ವಿರುದ್ಧ. ಮೊದಲು ನನ್ನ ವಿರುದ್ಧ. ಆಮೇಲೆ, ಬೇಜಾರು ಮಾಡ್ಕೋಬೇಡಿ, ನಿಮ್ಮ ವಿರುದ್ಧ.

ತಂಗಿ ಬಿ.ಕಾಂ. ಮುಗಿಸಿ ಊರಲ್ಲೇ ಸಣ್ಣದೊಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾಳೆ. ಒಂದು ಟೇಬಲ್ಲು, ಒಂದು ಪ್ರಿಂಟರು, ಬೆರಳು ಒತ್ತಿಸಿಕೊಳ್ಳುವ ಒಂದು ಸಣ್ಣ ಯಂತ್ರ, ಒಂದು ಲ್ಯಾಪ್‌ಟಾಪು. ಉತಾರ ತೆಗೆಸುವವರು, ಸ್ಕಾಲರ್‌ಶಿಪ್ ಅರ್ಜಿ ತುಂಬುವ ಹುಡುಗರು, ಬೆಳೆ ವಿಮೆ ಕಟ್ಟುವ ರೈತರು, ಜಾತಿ-ಆದಾಯದ ಪ್ರಮಾಣಪತ್ರ ಬೇಕಾದವರು, ಪಿಂಚಣಿ ಯಾಕೆ ಬಂದಿಲ್ಲ ಅಂತ ನೋಡಿಸುವ ಮುದುಕಿಯರು, ಎಲ್ಲರೂ ಅವಳ ಹತ್ತಿರ ಬರುತ್ತಾರೆ. ಒಂದು ಅರ್ಜಿಗೆ ಇಪ್ಪತ್ತು, ಮೂವತ್ತು ರೂಪಾಯಿ. ದಿನಕ್ಕೆ ಎಷ್ಟು ಅರ್ಜಿ ಮುಗಿಯುತ್ತವೋ ಅಷ್ಟೇ ಅವಳ ಗಳಿಕೆ.

ಆ ಲ್ಯಾಪ್‌ಟಾಪು ಒಂದು ಕಾಲಕ್ಕೆ ನನ್ನದು. 2017ರಲ್ಲಿ ಕೊಂಡದ್ದು. ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. 2021ರಲ್ಲಿ ಇದು ಯಾಕೋ ನಿಧಾನ ಆಯ್ತು ಅಂತ ಅರವತ್ತು ಸಾವಿರ ಕೊಟ್ಟು ಹೊಸದು ತಗೊಂಡೆ. ಅವಳು ಸೆಂಟರ್ ತೆಗೆದಾಗ ಹಳೇದನ್ನು ಒರೆಸಿ, ಚಾರ್ಜರಿನ ವಯರು ಚಂದಾಗಿ ಸುತ್ತಿ, ದೊಡ್ಡ ಉಪಕಾರ ಮಾಡುವವನ ಹಾಗೆ ಕೊಟ್ಟುಬಂದೆ. ನನಗೆ ಬೇಡವಾದ ನಿಧಾನವನ್ನು ಅವಳಿಗೆ ದಾಟಿಸಿದೆ. ಅವಳು ದೂರು ಹೇಳಲು ಶುರು ಮಾಡಿದಾಗ ಮೇಲಿನ ಆ ಮಾತು ಹೇಳಲು ಶುರು ಮಾಡಿದೆ.

2025ರ ದಸರೆಗೆ ಊರಿಗೆ ಹೋಗಿದ್ದೆ. ನಮ್ಮ ಕಡೆ ದಸರೆ ಅಂದರೆ ಬನ್ನಿ. ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವೆ. ತಂಗಿ ನನ್ನ ಕೈಗೆ ಬನ್ನಿ ಕೊಟ್ಟು, ನಗುತ್ತಲೇ ಅಂದಳು: “ಅಣ್ಣಾ, ಖರೇ ಬಂಗಾರ ದೀಪಾವಳಿ ಮುಂದ ಗಿರವಿ ಇಡಾಕ ಹೊಂಟೀನಿ ನೋಡು.”

ಆಮೇಲೆ ಗೊತ್ತಾಯಿತು. ಪೇಟೆಯ ಒಂದು ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿದ್ದಾಳೆ. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರ ಆಯುಷ್ಯ ಮುಗೀತ್ರಿ ಅಕ್ಕಾರ. ಅಕ್ಟೋಬರಿಗೆ ವಿಂಡೋಸ್ 10 ಸೈತ ಬಂದ್ ಆಗತೈತಿ” ಅಂದಿದ್ದಾನೆ. ಹೊಸದಕ್ಕೆ 42 ಸಾವಿರ ಹೇಳಿದ್ದಾನೆ. ಇವಳು ತಾಯಿ ಕೊಟ್ಟ ಎರಡು ಪಾಟಲಿ ಗಿರವಿ ಇಡುವುದು ಅಂತ ನಿರ್ಧಾರ ಮಾಡಿದ್ದಾಳೆ. ಅಂಗಡಿಯವನ ಮೇಲೆ ಸಿಟ್ಟು ಬಂತು. ಎರಡೇ ಗಳಿಗೆ. ಅವನು ಹೇಳಿದ್ದು ನಾನು ಎರಡು ವರ್ಷದಿಂದ ಹೇಳಿದ್ದನ್ನೇ. ಅವನಿಗಾದರೂ ಅದರಲ್ಲಿ ನಾಕು ದುಡ್ಡು ಲಾಭ ಇತ್ತು. ನನಗೆ ಏನಿತ್ತು? ಸೋಮಾರಿತನ.

ಮರುದಿನ ಅವಳ ಅಂಗಡಿಯಲ್ಲಿ ಹೋಗಿ ಕೂತೆ. ಲ್ಯಾಪ್‌ಟಾಪ್ ಆನ್ ಮಾಡಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಕೆಲಸಕ್ಕೆ ಬರುವ ಸ್ಥಿತಿಗೆ ತಲುಪಲು 6 ನಿಮಿಷ 40 ಸೆಕೆಂಡ್. ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದು ಕಾಯುತ್ತಿದ್ದರು. ಬ್ರೌಸರ್ ತೆರೆಯಿತು, ಅರ್ಜಿಯ ಪುಟ ತೆರೆಯಿತು, ಮೊಮ್ಮಗನ ಮೊಬೈಲಿಗೆ ಓಟಿಪಿ ಬಂತು. ಆ ಆರು ಅಂಕಿ ಒತ್ತುವ ಹೊತ್ತಿಗೆ ಪರದೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಮತ್ತೆ ಅಲ್ಲಾಡುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು. ಎರಡನೇ ಸಲವೂ ಹಾಗೇ ಆಯಿತು. ತಂಗಿ ಬಾಯಿಪಾಠದ ಹಾಗೆ ಹೇಳಿದಳು: “ಆಯೀ, ಸರ್ವರ್ ಇಲ್ಲ. ನಾಳಿ ಬರ್ರಿ.”

ಸರ್ವರ್ ಇಲ್ಲ! ನಮ್ಮ ಹಳ್ಳಿಗಳಲ್ಲಿ ಈಚೆಗೆ ಅತಿ ಹೆಚ್ಚು ಕೇಳಿಸುವ ಮಾತು ಇದೇ ಇರಬೇಕು. ಎಷ್ಟೋ ದಿನ ಅದು ನಿಜವೂ ಹೌದು. ಆದರೆ ಅವತ್ತು ಸರ್ವರ್ ಇತ್ತು. ನನ್ನ ಮೊಬೈಲಿನಲ್ಲಿ ಅದೇ ಪುಟ ಸರಾಗ ತೆರೆಯುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದೆ. ಪ್ರೊಸೆಸರ್: 8 ಶೇಕಡಾ. ಡಿಸ್ಕ್: 100 ಶೇಕಡಾ. ನೂರರಲ್ಲಿ ನಿಂತದ್ದು ಇಳಿಯುತ್ತಲೇ ಇರಲಿಲ್ಲ.

ಆ ಎರಡು ಅಂಕಿ ನೋಡಿ ನನಗೆ ನಾಚಿಕೆ ಆಯಿತು. ಯಾಕೆಂದರೆ ಬೆಂಗಳೂರಿನಲ್ಲಿ ನಾನು ಸಂಬಳ ತಗೊಳ್ಳುವುದೇ ಇಂಥ ಅಂಕಿ ನೋಡುವುದಕ್ಕೆ. ಒಂದು ಸಿಸ್ಟಮ್ ನಿಧಾನ ಆದರೆ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕುವುದೇ ನನ್ನ ಕೆಲಸ. ಅಳೆಯದೆ, ಗ್ರಾಫ್ ತೋರಿಸದೆ, ಇದು ಹಳೇ ಸರ್ವರ್, ಬಿಸಾಕೋಣ ಅಂತ ಆಫೀಸಿನಲ್ಲಿ ಹೇಳಿದರೆ ಮ್ಯಾನೇಜರ್ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಸ್ವಂತ ತಂಗಿಯ ಅನ್ನದ ಯಂತ್ರಕ್ಕೆ ಮಾತ್ರ ಅಳತೆ ಇಲ್ಲದೆ ತೀರ್ಪು. ಈ ಮೂರು ಕೀಲಿಗಳ ಹೆಸರನ್ನು ಫೋನಿನಲ್ಲೇ ಹೇಳಬಹುದಿತ್ತು. ಎರಡು ವರ್ಷ ಹೇಳಲಿಲ್ಲ.

ಹಾರ್ಡ್‌ಡಿಸ್ಕ್ ಅಂದರೆ ಏನು ಅಂತ ಪಕ್ಕದಲ್ಲೇ ಕೂತಿದ್ದ ಕಾಕಾನಿಗೆ ವಿವರಿಸಿದೆ. ನಿಮಗೂ ಹೇಳುತ್ತೇನೆ, ಓದಿದ್ದರೂ ಮರೆತಿರುತ್ತೀರಿ. ಅದರೊಳಗೆ ತಿರುಗುವ ತಟ್ಟೆಗಳಿವೆ, ತಟ್ಟೆಯ ಮೇಲೆ ಆಚೆ ಈಚೆ ಓಡುವ ಒಂದು ಕೈ ಇದೆ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಕೈಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಕೈ ಆ ಜಾಗಕ್ಕೆ ಓಡಬೇಕು, ಅದಕ್ಕೆ ಹನ್ನೆರಡು ಮಿಲಿಸೆಕೆಂಡಿನಷ್ಟು. ಒಟ್ಟು ಸುಮಾರು 17. ಅಂದರೆ ಬೇರೆ ಬೇರೆ ಜಾಗದಲ್ಲಿ ಬಿದ್ದಿರುವ ಸಣ್ಣ ತುಣುಕುಗಳನ್ನು ತರಬೇಕಾದರೆ ಸೆಕೆಂಡಿಗೆ ಅರವತ್ತು ಸಿಕ್ಕರೆ ಹೆಚ್ಚು. ಕಂಪ್ಯೂಟರ್ ಶುರುವಾಗುವಾಗ ಇಂಥ ಹತ್ತು ಸಾವಿರ ತುಣುಕು ಬೇಕು ಅಂತಿಟ್ಟುಕೊಳ್ಳಿ. ಹೆಚ್ಚುಕಡಿಮೆ ಮೂರು ನಿಮಿಷ ಅದರಲ್ಲೇ ಹೋಯಿತು. ಅಷ್ಟು ಹೊತ್ತು ಪ್ರೊಸೆಸರ್ ಏನು ಮಾಡುತ್ತದೆ? ಕೈಕಟ್ಟಿ ಕೂತಿರುತ್ತದೆ.

ಎಸ್‌ಎಸ್‌ಡಿಯಲ್ಲಿ ತಟ್ಟೆ ಇಲ್ಲ, ಕೈ ಇಲ್ಲ, ತಿರುಗುವುದು ಏನೂ ಇಲ್ಲ. ಇರುವುದು ಚಿಪ್ಪುಗಳು ಮಾತ್ರ. ಯಾವ ಮೂಲೆಯ ತುಣುಕಾದರೂ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಕೈಗೆ ಬರುತ್ತದೆ. ಅದೇ ಹತ್ತು ಸಾವಿರ ತುಣುಕಿಗೆ ಮೂರು ನಿಮಿಷದ ಬದಲು ಒಂದು ಸೆಕೆಂಡ್. ಬೂಟ್ ಆಗುವುದರಲ್ಲಿ ಬೇರೆ ಕೆಲಸಗಳೂ ಇರುವುದರಿಂದ ಒಂದೇ ಸೆಕೆಂಡಿನಲ್ಲಿ ಎಲ್ಲ ಮುಗಿಯುವುದಿಲ್ಲ, ಅದು ಬೇರೆ ಮಾತು.

ಕಾಕಾ ಎಲ್ಲ ಕೇಳಿ, ಬಾಯಿಯ ಎಲೆ ಅಡಿಕೆ ಒಂದು ಕಡೆ ಒತ್ತರಿಸಿ ಅಂದರು: “ಅಂದ್ರ ಮೋಟರ್ ಸುಟ್ಟಿಲ್ಲ ತಮ್ಮಾ. ಫುಟ್‌ವಾಲ್ವ್ ಕಟ್ಟೇತಿ.”

ಇಡೀ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಟೆಕ್ ಲೇಖನ ನಾನು ಓದಿಲ್ಲ. ಬಾವಿಯಲ್ಲಿ ನೀರಿದೆ, ಮೋಟರು ಗಟ್ಟಿಯಿದೆ, ಹೊಲ ಬಾಯಿ ತೆರೆದು ಕೂತಿದೆ. ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಕಸ ಕಟ್ಟಿಕೊಂಡಿದೆ. ನಮ್ಮ ಕಡೆಯ ಯಾವ ರೈತನೂ ಅದಕ್ಕಾಗಿ ಹೊಸ ಮೋಟರ್ ಕೊಳ್ಳುವುದಿಲ್ಲ. ಮೋಟರ್ ನಿಜವಾಗಿಯೂ ಸುಟ್ಟರೂ ಕೊಳ್ಳುವುದಿಲ್ಲ, ರಿವೈಂಡಿಂಗ್ ಮಾಡಿಸುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಒಂದು ಭಾಗ ಸವೆದರೆ ನೇಕಾರ ಆ ಭಾಗ ಬದಲಿಸುತ್ತಾನೆ, ಮಗ್ಗ ಗುಜರಿಗೆ ಹಾಕುವುದಿಲ್ಲ. ರಿಪೇರಿ ಅನ್ನುವುದು ಈ ನೆಲದವರಿಗೆ ಬಡತನದ ಕೆಲಸ ಅಲ್ಲ, ಬುದ್ಧಿಯ ಕೆಲಸ. ಆ ಬುದ್ಧಿಯನ್ನು ನಾವು ಬಿಇ ಸೀಟು ಸಿಕ್ಕ ದಿನ ಊರಲ್ಲೇ ಬಿಟ್ಟು ಬಸ್ ಹತ್ತಿದ್ದೇವೆ.

ದೀಪಾವಳಿಗೆ ಮತ್ತೆ ಹೋದೆ. ಈ ಸಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಎರಡು ಸಾಮಾನು ತಗೊಂಡು ಹೋಗಿದ್ದೆ. 240 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, 1,850 ರೂಪಾಯಿ. ಅದನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ಲು, 350. ರಾತ್ರಿ ಊಟ ಆದ ಮೇಲೆ ಶುರು ಮಾಡಿದೆವು. ಮೊದಲು ಅವಳ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿದೆ. 1 ಟಿಬಿ ಡಿಸ್ಕಿನಲ್ಲಿ ಎಲ್ಲ ಸೇರಿ ಬಳಸಿದ್ದು 70 ಜಿಬಿ ಚಿಲ್ಲರೆ. ಆಮೇಲೆ ಕ್ಲೋನ್ ಮಾಡುವ ಸಾಫ್ಟ್‌ವೇರಿನಿಂದ ಹಳೇ ಡಿಸ್ಕಿನಲ್ಲಿದ್ದದ್ದನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಇಳಿಸಲು ಹಚ್ಚಿದೆವು. ನಡುವೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಪಕ್ಕದ ಮನೆಯವರ ಇನ್ವರ್ಟರಿನಿಂದ ವಯರು ಎಳೆದು ಮೊದಲಿಂದ ಶುರು ಮಾಡಿದೆವು. ಬೆಳಿಗ್ಗೆ ಕ್ಲೋನ್ ಮುಗಿದಿತ್ತು. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಹಳೇ ಡಿಸ್ಕ್ ಎಳೆದು, ಅದರ ಚೌಕಟ್ಟಿನ ನಾಲ್ಕು ಸ್ಕ್ರೂ ತೆಗೆದು, ಎಸ್‌ಎಸ್‌ಡಿಗೆ ಆ ಚೌಕಟ್ಟು ಹಾಕಿ ಒಳಗೆ ಸರಿಸಿದೆವು. ಸ್ಕ್ರೂ ತಿರುಗಿಸಿದ್ದು ನಾನಲ್ಲ, ತಂಗಿ. ಇಪ್ಪತ್ತು ನಿಮಿಷದ ಕೆಲಸ.

ಆನ್ ಮಾಡಿದೆವು. 24 ಸೆಕೆಂಡ್.

ಅವಳು ಏನೂ ಮಾತಾಡಲಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಮೂರನೇ ಸಲವೂ ಮಾಡಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು: “ಅಣ್ಣಾ, ಇದು ನಿನಗ ಮೊದಲ ಗೊತ್ತಿತ್ತೇನು?”

ಗೊತ್ತಿತ್ತು. ನಮ್ಮ ಆಫೀಸಿನಲ್ಲಿ ಇದು ಗೊತ್ತಿಲ್ಲದವರು ಒಬ್ಬರೂ ಇಲ್ಲ. ಎಸ್‌ಎಸ್‌ಡಿ ಏನು ಹೊಸ ಕಂಡುಹಿಡಿತ ಅಲ್ಲ. ಅದರ ಜೀವ ಆಗಿರುವ ನ್ಯಾಂಡ್ ಫ್ಲ್ಯಾಶ್ ಚಿಪ್ಪನ್ನು ತೋಷಿಬಾ ಕಂಪನಿಯಲ್ಲಿ ಫ್ಯೂಜಿಯೊ ಮಸುಓಕಾ ಮತ್ತವರ ತಂಡ ಜಗತ್ತಿನ ಮುಂದಿಟ್ಟು 1987ಕ್ಕೇ ಆಯಿತು. ಅದರ ಎದುರಿಗಿರುವ ಹಾರ್ಡ್‌ಡಿಸ್ಕು ಇನ್ನೂ ಹಳೇದು. ಮೊದಲನೆಯದನ್ನು ಐಬಿಎಂ 1956ರಲ್ಲಿ ತಂದಿತು. 24 ಇಂಚು ಅಗಲದ 50 ತಟ್ಟೆ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಒಂದು ಮಾಹಿತಿ ಹುಡುಕಲು ಸುಮಾರು 600 ಮಿಲಿಸೆಕೆಂಡ್. ಅಲ್ಲಿಂದ ನನ್ನ ಲ್ಯಾಪ್‌ಟಾಪಿನ 1 ಟಿಬಿ ಡಿಸ್ಕಿನವರೆಗೆ ಅರವತ್ತು ವರ್ಷದಲ್ಲಿ ಹಿಡಿಸುವ ಶಕ್ತಿ ಎರಡು ಲಕ್ಷ ಪಟ್ಟು ಬೆಳೆಯಿತು. ಹುಡುಕುವ ವೇಗ? ಬರೀ 35 ಪಟ್ಟು. ಗೋದಾಮು ಜಿಲ್ಲೆಯಷ್ಟು ದೊಡ್ಡದಾಯಿತು, ಒಳಗಿಂದ ಸಾಮಾನು ತರುವ ಆಳು ಮಾತ್ರ ಸ್ವಲ್ಪ ಚುರುಕಾದ, ಅಷ್ಟೇ. ಆದರೂ ಎಸ್‌ಎಸ್‌ಡಿ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದಲ್ಲೇ ಕಂಪನಿಗಳು ಕಡಿಮೆ ಬೆಲೆಯ ಲ್ಯಾಪ್‌ಟಾಪಿಗೆ ವರ್ಷಗಟ್ಟಲೆ ಈ 5,400 ಸುತ್ತಿನ ಡಿಸ್ಕನ್ನೇ ತುಂಬಿ ಮಾರಿದವು. ಡಬ್ಬಿಯ ಮೇಲೆ 1 ಟಿಬಿ ಅಂತ ದಪ್ಪಗೆ ಬರೆದರೆ ಸಾಕಿತ್ತು. ಹಿಂದೆ ಮುಂದೆ ನೋಡದೆ ನಾವೂ ಕೊಂಡೆವು. 70 ಜಿಬಿ ಬಳಸುವವಳಿಗೆ 1 ಟಿಬಿ, ಆದರೆ ಹತ್ತು ಸೆಕೆಂಡಿನ ಕೆಲಸಕ್ಕೆ ಐದು ನಿಮಿಷ.

ಈಗ ಕೆಲವರು ಹೇಳುವ ಮಾತುಗಳಿಗೆ ಬರೋಣ. ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಕಥೆ ಹೇಳಿದಾಗ ಎಲ್ಲವನ್ನೂ ಕೇಳಿದ್ದೇನೆ.

ಒಂದು: ನನ್ನ ಒಂದು ಗಂಟೆಯ ಬೆಲೆಗೆ ಒಂದು ಎಸ್‌ಎಸ್‌ಡಿ ಬರುತ್ತೆ, ರಾತ್ರಿಯೆಲ್ಲ ಅದರ ಮುಂದೆ ಯಾರು ಕೂರ್ತಾರೆ, ಹೊಸದು ಕೊಡಿಸಿಬಿಡೋದಪ್ಪ. ಸರಿ, ಕೊಡಿಸಿ! ನಿಮ್ಮ ದುಡ್ಡಿನಲ್ಲಿ ಕೊಡಿಸುತ್ತೀರಾದರೆ ನನ್ನ ತಕರಾರಿಲ್ಲ. ಆದರೆ ನಾವು ಕೊಡಿಸುವುದಿಲ್ಲ, ಸಲಹೆ ಕೊಡುತ್ತೇವೆ. ನಮ್ಮ ಗಂಟೆಯನ್ನು ಉಳಿಸಿಕೊಂಡು ಅವರ ಪಾಟಲಿಯನ್ನು ಖರ್ಚು ಮಾಡುತ್ತೇವೆ. ನಮ್ಮ ಒಂದು ಗಂಟೆಗೆ ಬೆಲೆ ಇದೆ ಅನ್ನುವವರು, ಓಟಿಪಿಗಾಗಿ ಮೂರು ದಿನ ಓಡಾಡಿದ ಅಜ್ಜಿಯ ಮೂರು ದಿನಕ್ಕೆ ಎಷ್ಟು ಬೆಲೆ ಅಂತಲೂ ಹೇಳಬೇಕು.

ಎರಡು: ಎಸ್‌ಎಸ್‌ಡಿ ಹಾಕಿದರೇನು, ವಿಂಡೋಸ್ 10 ಮುಗಿಯಿತಲ್ಲ. ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕು ಅಂದರೆ ಟಿಪಿಎಂ 2.0 ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್ ಇರಬೇಕು. ಜನರ ಬೆರಳಚ್ಚು, ಆಧಾರ್ ನಂಬರು ಓಡಾಡುವ ಕಂಪ್ಯೂಟರಿನಲ್ಲಿ ಭದ್ರತೆಯ ಅಪ್‌ಡೇಟ್ ಇಲ್ಲದೆ ಕೆಲಸ ಮಾಡುವುದು ತಪ್ಪು. ಆದರೆ ಅಂಗಡಿಯವನು ಅರ್ಧ ಹೇಳಿ ಬಿಟ್ಟಿದ್ದ. ಹೆಸರು ನೋಂದಾಯಿಸಿದ ವಿಂಡೋಸ್ 10 ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ಅದಕ್ಕೆ ದುಡ್ಡೂ ಇಲ್ಲ. ಒಂದು ವರ್ಷ ಅಂದರೆ ಅವಳಿಗೆ ಸಣ್ಣ ಮಾತಲ್ಲ. ಗಿರವಿ ಇಡದೆ, ದಿನಕ್ಕೆ ಎರಡರಷ್ಟು ಅರ್ಜಿ ತುಂಬಿ, ಹೊಸದಕ್ಕೆ ತಾನೇ ದುಡ್ಡು ಕೂಡಿಡುವ ಕಾಲ ಅದು. ಅವಸರದಲ್ಲಿ ಕೊಳ್ಳುವುದಕ್ಕೂ ಯೋಚಿಸಿ ಕೊಳ್ಳುವುದಕ್ಕೂ ನಡುವಿನ ಅಂತರವೇ ಈ 1,850 ರೂಪಾಯಿ.

ಇನ್ನು ಒಂದು ಮಾತು ಮೈಕ್ರೋಸಾಫ್ಟಿಗೂ ಹೇಳಬೇಕು. ಗಟ್ಟಿಯಾಗಿ ಓಡುವ ಯಂತ್ರವನ್ನು ಪಟ್ಟಿಯಲ್ಲಿ ಹೆಸರಿಲ್ಲ ಅಂತ ಹೊರಗಿಡುವುದು ಭದ್ರತೆಯ ಹೆಸರಿನಲ್ಲಿ ನಡೆದರೂ, ಅದರ ಬಿಲ್ಲು ಬರುವುದು ಹಳ್ಳಿಯ ಮನೆಗಳಿಗೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರಲ್ಲಿ ಕಾಲು ಪಾಲೂ ಅಲ್ಲ. ಆ ಗುಡ್ಡದಲ್ಲಿ ಫುಟ್‌ವಾಲ್ವ್ ಕಟ್ಟಿದ್ದಕ್ಕೆ ಬಿಸಾಕಿದ ಮೋಟರುಗಳು ಎಷ್ಟಿವೆಯೋ.

ಮೂರು: ಹಾಗಾದರೆ ಲಿನಕ್ಸ್ ಹಾಕಿ, ವಿಂಡೋಸ್ ಗೊಡವೆಯೇ ಬೇಡ. ನನ್ನಂಥ ಇಂಜಿನಿಯರುಗಳ ಇಷ್ಟದ ಉತ್ತರ ಇದು. ಓದುವ ಹುಡುಗರಿಗೆ, ಬರೆಯುವವರಿಗೆ, ಮನೆ ಬಳಕೆಗೆ ಬಹಳ ಒಳ್ಳೆಯದು. ಉಬುಂಟು, ಲಿನಕ್ಸ್ ಮಿಂಟ್ ಎರಡೂ ಉಚಿತ, ಕನ್ನಡ ಯೂನಿಕೋಡಿನಲ್ಲಿ ಸರಾಗ ಬರೆಯಬಹುದು, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸವೂ ಸಿಗುತ್ತದೆ. ಆದರೆ ತಂಗಿಯ ಟೇಬಲ್ಲಿನ ಬೆರಳಚ್ಚು ಯಂತ್ರ ವಿಂಡೋಸ್ ಬೇಕು ಅನ್ನುತ್ತದೆ. ಅವಳ ಹಳೇ ಕಡತಗಳು ಯೂನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿವೆ. ಅವಳಿಗೆ ಬೇಕಾದದ್ದು ನನ್ನ ಸಿದ್ಧಾಂತ ಅಲ್ಲ, ನಾಳೆ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯುವುದು. ರಿಪೇರಿ ಅಂದರೆ ಎದುರಿಗಿರುವವರ ಕೆಲಸ ನಡೆಸುವುದು, ನಮ್ಮ ಹವ್ಯಾಸ ಅವರ ಮೇಲೆ ಹೇರುವುದಲ್ಲ.

ನಾಲ್ಕು: ಎಸ್‌ಎಸ್‌ಡಿ ಕೆಟ್ಟರೆ ಹೇಳದೆ ಕೇಳದೆ ಕೆಡುತ್ತದೆ. ಹೌದು. ಹಾರ್ಡ್‌ಡಿಸ್ಕು ಎಷ್ಟೋ ಸಲ ಕಿರಕಿರ ಸದ್ದು ಮಾಡಿ ಮುನ್ಸೂಚನೆ ಕೊಡುತ್ತದೆ, ಇದು ಸದ್ದಿಲ್ಲದೆ ಹೋಗಬಹುದು, ಹೋದರೆ ಮಾಹಿತಿ ಹೊರತೆಗೆಯುವುದೂ ಕಷ್ಟ. ಅದಕ್ಕೇ ಅವಳ ಹಳೇ ಡಿಸ್ಕನ್ನು ಬಿಸಾಕಲಿಲ್ಲ. ಅದೇ ಕೇಬಲ್ಲಿಗೆ ಜೋಡಿಸಿ, ಪ್ರತಿ ಶನಿವಾರ ಕಡತಗಳನ್ನು ಅದಕ್ಕೆ ಹಾಕುವ ರೂಢಿ ಮಾಡಿಸಿದ್ದೇನೆ. ಗೋದಾಮಿಗೆ ಗೋದಾಮಿನ ಕೆಲಸ. ಇನ್ನು ಎಲ್ಲ ಹಳೇ ಕಂಪ್ಯೂಟರಿಗೂ ಇದು ಸಂಜೀವಿನಿ ಅಂತಲೂ ನಾನು ಹೇಳುತ್ತಿಲ್ಲ. 2 ಜಿಬಿ ರ‍್ಯಾಮಿನ ಯಂತ್ರಕ್ಕೆ ಇದರಿಂದ ಪೂರ್ತಿ ಜೀವ ಬರುವುದಿಲ್ಲ. ಮದರ್‌ಬೋರ್ಡ್ ಹೋಗಿದ್ದರೆ ಏನೂ ಮಾಡಲಾಗದು. ಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುವ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಬದಲಿಸುವ ಜಾಗವೇ ಇರುವುದಿಲ್ಲ. ಎರಡು ಸಾವಿರಕ್ಕೆ 16 ಟಿಬಿ ಅಂತ ಆನ್‌ಲೈನಿನಲ್ಲಿ ಕಂಡರೆ ಅದು ಮೋಸ. ನಾನು ಹೇಳುವುದು ಇಷ್ಟೇ: ಮೊದಲು ಅಳೆಯಿರಿ, ಆಮೇಲೆ ತೀರ್ಪು ಕೊಡಿ. ಡಿಸ್ಕ್ 100ರಲ್ಲಿ ನಿಂತು ಪ್ರೊಸೆಸರ್ 10ರ ಕೆಳಗಿದ್ದರೆ ಆ ಯಂತ್ರ ಮುದಿಯಾಗಿಲ್ಲ, ಅದರ ಗಂಟಲು ಕಟ್ಟಿದೆ.

ಐದು: ಈಗ ಎಐ ಡೇಟಾ ಸೆಂಟರುಗಳಿಂದಾಗಿ ಮೆಮೊರಿ ಬೆಲೆ ಏರಿದೆ, ನಿನ್ನ 1,850ಕ್ಕೆ ಎಲ್ಲಿ ಸಿಗುತ್ತೆ. ಎರಡರಷ್ಟೇ ಆಗಲಿ. ಆಗಲೂ 42 ಸಾವಿರದಲ್ಲಿ ಹತ್ತರಲ್ಲಿ ಒಂದು ಪಾಲು ಆಗುವುದಿಲ್ಲ. ಎಸ್‌ಎಸ್‌ಡಿ ತುಟ್ಟಿಯಾದರೆ ಅದನ್ನು ಒಳಗಿಟ್ಟುಕೊಂಡಿರುವ ಹೊಸ ಲ್ಯಾಪ್‌ಟಾಪೇನು ಅಗ್ಗ ಆಗುತ್ತದೆಯೇ?

ಇವಿಷ್ಟು ವಾದಗಳ ಹಿಂದೆ ಇನ್ನೊಂದು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳೇದನ್ನು ಬಿಚ್ಚಿ ಸರಿ ಮಾಡುವುದು ನಮ್ಮ ಅಂತಸ್ತಿಗೆ ತಕ್ಕ ಕೆಲಸ ಅಲ್ಲ ಅನ್ನುವ ಭಾವನೆ. ಬೆಂಗಳೂರಿಗೆ ಬಂದು ಸಂಬಳ ಏರಿದ ಮೇಲೆ ನಾವು ಕಲಿತ ಮೊದಲ ಪಾಠ ಬಿಸಾಕುವುದು. ಮೂರು ವರ್ಷಕ್ಕೆ ಲ್ಯಾಪ್‌ಟಾಪು, ಎರಡು ವರ್ಷಕ್ಕೆ ಫೋನು. ಅದಕ್ಕೆ ಅಪ್‌ಗ್ರೇಡ್ ಅಂತ ಹೆಸರು. ನಿಜವಾದ ಅಪ್‌ಗ್ರೇಡ್ ಅಂದರೆ ಇದ್ದದ್ದನ್ನು ಇನ್ನೂ ಒಳ್ಳೇದು ಮಾಡುವುದು. ಇದ್ದದ್ದನ್ನು ಬಿಟ್ಟು ಬೇರೆ ತಗೊಳ್ಳುವುದಕ್ಕೆ ಕನ್ನಡದಲ್ಲಿ ಖರೀದಿ ಅನ್ನುತ್ತಾರೆ. ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಕಾರು, ಫೋನು, ಮನೆಯ ಯಂತ್ರಗಳು, ಕೃಷಿ ಉಪಕರಣಗಳಿಗೆ ಕಂಪನಿಗಳು ರಿಪೇರಿಯ ಮಾಹಿತಿ ಕೊಡಲಿ ಅಂತ. ಒಳ್ಳೆಯದೇ. ಆದರೆ ಹಕ್ಕು ಬಂದರೆ ಸಾಲದು, ಸ್ಕ್ರೂಡ್ರೈವರ್ ಹಿಡಿಯುವ ಕೈಯೂ ಬೇಕು. ಆ ಕೈಗಳೆಲ್ಲ ಈಗ ಕೀಬೋರ್ಡಿನ ಮೇಲಿವೆ.

ನಮ್ಮ ತಾಲೂಕಿನವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. ಸರ್ಕಾರದ ದುಡ್ಡಿಗೆ ಕಾಯಲಿಲ್ಲ. ತಮ್ಮದೇ ವಂತಿಗೆ, ತಮ್ಮದೇ ಬೆವರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ಮುಂದೆ ನಿಂತ ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಅಂತಲೇ ಕರೆದರು, 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತಾಗ ರಾಮಕೃಷ್ಣ ಹೆಗಡೆಯವರ ಎದುರು ಗೆಲ್ಲಿಸಿಯೂ ಬಿಟ್ಟರು. ರಾಜಕೀಯ ಪಕ್ಕಕ್ಕಿಡಿ. ನದಿ ಬತ್ತುತ್ತದೆ, ಇದು ನಮ್ಮ ಹಣೆಬರಹ ಅಂತ ಕೂರದೆ, ನೀರು ಎಲ್ಲಿ ಹರಿದುಹೋಗುತ್ತಿದೆ ಅಂತ ನೋಡಿ ಅಲ್ಲಿ ಕೈಹಾಕಿದ ಜನ ಅವರು. ಅಂಥವರ ಮಕ್ಕಳು, ಮೊಮ್ಮಕ್ಕಳು ನಾವು. ನದಿಗೆ ಅಡ್ಡ ಕಟ್ಟಿದ ಊರಿನ ಹುಡುಗರಿಗೆ ನಾಲ್ಕು ಸ್ಕ್ರೂ ಬಿಚ್ಚುವುದು ಭಾರ ಆಯಿತೇ?

ಕೆಲಸ ಬಹಳ ಇದೆ. ನನಗೆ ಗೊತ್ತಿರುವ ಒಂದು ಹಳ್ಳಿಯ ಶಾಲೆಯಲ್ಲಿ ಹತ್ತು ಡೆಸ್ಕ್‌ಟಾಪುಗಳು ಬಟ್ಟೆ ಹೊದ್ದು ಕೂತಿವೆ. ಕೆಟ್ಟಿಲ್ಲ, ನಿಧಾನ ಅಷ್ಟೇ. ಹೆಡ್‌ಮಾಸ್ತರರಿಗೆ ಅವನ್ನು ಬಿಚ್ಚಲು ಹೆದರಿಕೆ, ಯಾಕೆಂದರೆ ಅವು ಸ್ಟಾಕ್ ರಿಜಿಸ್ಟರಿನಲ್ಲಿವೆ, ನಾಳೆ ಆಡಿಟಿನವರು ಡಿಸ್ಕ್ ಎಲ್ಲಿ ಅಂತ ಕೇಳಿದರೆ? ತೆಗೆದ ಡಿಸ್ಕನ್ನು ನಂಬರ್ ಬರೆದು ಅದೇ ಬೀರುವಿನಲ್ಲಿಟ್ಟು, ಶಾಲಾಭಿವೃದ್ಧಿ ಸಮಿತಿಯಲ್ಲಿ ಒಂದು ಠರಾವು ಬರೆಸಿದರೆ ಮುಗಿಯುವ ಮಾತು. ಆದರೆ ಪಕ್ಕದಲ್ಲಿ ನಿಂತು ಧೈರ್ಯ ಹೇಳುವವರು ಬೇಕು. ಆ ಶಾಲೆಯಲ್ಲಿ ಓದಿ ಹೋದ ಇಂಜಿನಿಯರುಗಳ ವಾಟ್ಸಾಪ್ ಗುಂಪಿನಲ್ಲಿ ಹಳೇ ಫೋಟೋಗಳು ಬರುತ್ತವೆ, ಹಬ್ಬಕ್ಕೆ ಶುಭಾಶಯ ಬರುತ್ತವೆ. ಹತ್ತು ಎಸ್‌ಎಸ್‌ಡಿಗೆ ತಲೆಗೆ ಎಷ್ಟು ಬೀಳುತ್ತದೆ ಅಂತ ಈ ಸಲ ನಾನು ಅಲ್ಲಿ ಕೇಳಿದ್ದೇನೆ. ಉತ್ತರ ಬಂದಿದೆ, ಎಲ್ಲರಿಂದ ಅಲ್ಲ, ಸಾಕಾಗುವಷ್ಟು ಜನರಿಂದ.

ಮೊನ್ನೆ ತಂಗಿಯ ಫೋನು ಬಂದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಸೆಂಟರಿನವನೂ ಲ್ಯಾಪ್‌ಟಾಪ್ ಗುಜರಿಗೆ ಹಾಕಲು ಹೊರಟಿದ್ದನಂತೆ. ಇವಳು ಮೂರು ಕೀಲಿ ಒತ್ತಿ ನೋಡಿದ್ದಾಳೆ, ಡಿಸ್ಕ್ 100. ಆನ್‌ಲೈನಿನಲ್ಲಿ ಎಸ್‌ಎಸ್‌ಡಿ ತರಿಸಿ, ರಾತ್ರಿ ಕ್ಲೋನ್ ಹಚ್ಚಿ, ಬೆಳಿಗ್ಗೆ ತಾನೇ ಹಾಕಿ ಕೊಟ್ಟಿದ್ದಾಳೆ. ಕೂಲಿ 300 ರೂಪಾಯಿ. “ಕಡಿಮಿ ತಗೊಂಡ್ಯಲ್ಲವಾ” ಅಂದೆ.

“ಮೊದಲನೇದು ಅಲ್ಲಣ್ಣಾ, ಇರಲಿ ಬಿಡು” ಅಂದಳು. ಹಿಂದಿನಿಂದ ಯಾರೋ ಅವಳನ್ನು ಕರೆಯುತ್ತಿದ್ದರು. “ಈಗ ಇಡತೀನಿ, ಮಂದಿ ನಿಂತಾರ. ಸರ್ವರ್ ಐತಿ ಇವತ್ತ.”